ಒಬ್ಬಳೇ ನಗುತ್ತಾ ಓಡುವ ಹೆಂಡತಿ

ಮೂರು ವಾರದ ಹಿಂದೆ, ಭಾನುವಾರ ಬೆಳಗ್ಗೆ, ಬೋಗಾದಿಯ ಒಂದು ಹೊಸ ಲೇಔಟಿನಲ್ಲಿ ಓಡುತ್ತಿದ್ದಾಗ ನನ್ನ ಕಾಲು ಹಿಡಿದುಕೊಂಡಿತು. ಅಂದರೆ, ಹಿಡಿದುಕೊಂಡಿತು ಅಂತ ನಾನು ಕೂಗಿದೆ. ಹಿಡಿದುಕೊಂಡಿರಲಿಲ್ಲ.

ಐವತ್ತು ದಾಟಿದ ಗಂಡಸು ರಸ್ತೆ ಪಕ್ಕ ಕೂತು, ಇಲ್ಲದ ನೋವಿಗೆ ಹೆಂಡತಿಯನ್ನು ಕೂಗುವುದು ಯಾಕೆ? ಹೊಟ್ಟೆಕಿಚ್ಚು ಸ್ವಾಮಿ. ಬೇರೇನೂ ಅಲ್ಲ.

ಮೊದಲಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಓಟದ ಬಗ್ಗೆ ಬರೆದಿದ್ದೆ, ನೆನಪಿದೆಯಾ? ಓಡುತ್ತಾ ಓಡುತ್ತಾ ಒಂದು ಘಟ್ಟದಲ್ಲಿ ಮೈ ಹಗುರಾಗಿ, ಕಾರಣವೇ ಇಲ್ಲದೆ ಖುಷಿ ಉಕ್ಕಿ ಬರುತ್ತದೆ, ಅದಕ್ಕೆ ರನ್ನರ್ಸ್ ಹೈ ಅನ್ನುತ್ತಾರೆ, ನನಗದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಂತು, ರೆಕ್ಕೆ ಮೂಡಿದ ಹಾಗಾಯಿತು, ಕಣ್ಣು ತುಂಬಿತು, ಅಂತೆಲ್ಲ. ಬಹಳ ಜನ ಫೋನ್ ಮಾಡಿ ಮೆಚ್ಚಿಕೊಂಡಿರಿ. ಕೆಲವರು ಶೂ ಕೊಂಡಿರಿ. (ಒಬ್ಬರು ಮಂಡಿ ಆಪರೇಷನ್ನನ್ನೂ ಮಾಡಿಸಿಕೊಂಡರು. ಅದಕ್ಕೆ ನಾನು ಹೊಣೆಯಲ್ಲ.)

ನನಗೆ ಅದು ಬಂದೇ ಇರಲಿಲ್ಲ. ಇವತ್ತಿಗೂ ಬಂದಿಲ್ಲ. ಅಂಕಣ ಕಳಿಸುವ ದಿನ ಕುತ್ತಿಗೆಗೆ ಬಂದಿತ್ತು. ಇಂಟರ್ನೆಟ್ಟಿನಲ್ಲಿ ನಾಲ್ಕು ಜನರ ಅನುಭವ ಓದಿದೆ, ಐದನೆಯದನ್ನು ನಾನೇ ಸೃಷ್ಟಿಸಿದೆ.

ನನ್ನ ಹೆಂಡತಿ ಶೋಭಾ ನನ್ನ ಅಂಕಣ ಓದುವವಳಲ್ಲ. "ದಿನಾ ಮನೇಲಿ ಕೇಳೋದೇ ಸಾಕಾಗಿದೆ, ಪೇಪರ್‌ನಲ್ಲಿ ಬೇರೆ ಓದ್ಬೇಕಾ?" ಅನ್ನುವವಳು. ಆದರೆ ಅದೊಂದನ್ನು ಮಾತ್ರ ಯಾಕೋ ಓದಿದಳು. ಕತ್ತರಿಸಿ ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದಳು. ಕುವೆಂಪುನಗರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಅವಳು. ಬೆಳಗ್ಗೆ ಏಳರಿಂದ, ಖಾಲಿ ಹೊಟ್ಟೆಯಲ್ಲಿ ಬಂದು ಸಿಡುಕುವ ಜನರ ತೋಳಿಗೆ ಸೂಜಿ ಚುಚ್ಚುವ ಕೆಲಸ. "ನಂಗೂ ಅದು ಒಂದ್ಸಲ ಬರ್ಬೇಕು ಕಣ್ರೀ" ಅನ್ನುತ್ತಲೇ ಇದ್ದಳು. ಈ ವರ್ಷ ಶೂ ತಂದೇಬಿಟ್ಟಳು.

ವಾರವೆಲ್ಲ ಮನೆ ಹತ್ತಿರದ ಪಾರ್ಕಿನಲ್ಲಿ ಅವಳೊಬ್ಬಳೇ. ಭಾನುವಾರ ಮಾತ್ರ ಇಬ್ಬರೂ ಸ್ಕೂಟರಿನಲ್ಲಿ ಬೋಗಾದಿ ಕಡೆಗೆ. ಮನೆಗಳಿಗಿಂತ ಮೊದಲೇ ರಸ್ತೆ ಬಂದಿರುವ ಲೇಔಟ್ ಅದು. ಟಾರು ಹೊಸದು, ನಾಯಿ ಕಡಿಮೆ. ಅವಳು ಮುಂದೆ, ನಾನು ಹಿಂದೆ.

ಆರನೇ ಭಾನುವಾರ ಅದು ಬಂತು. ಅವಳಿಗೆ.

ಸ್ಕೂಟರಿನ ಹತ್ತಿರ ನಿಲ್ಲಬೇಕಾದವಳು ನಿಲ್ಲಲಿಲ್ಲ, ಇನ್ನೊಂದು ಸುತ್ತು ಹೋದಳು. ವಾಪಸು ಬಂದಾಗ ಮುಖ ಬೇರೆ ಯಾರದ್ದೋ ಆಗಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷ, ಆ ಮುಖವನ್ನು ನಾನು ನೋಡಿರಲಿಲ್ಲ.

"ಬಂತು ಕಣ್ರೀ. ಕರೆಂಟ್ ಹೋದಾಗ ಫ್ರಿಡ್ಜ್ ಸದ್ದು ನಿಂತೋಗುತ್ತಲ್ಲ, ಹಂಗೆ. ಇಷ್ಟೊತ್ತೂ ಅದು ಗುಂಯ್ ಅಂತಿತ್ತು ಅಂತ ಆಗ್ಲೇ ಗೊತ್ತಾಗೋದು. ತಲೆ ಒಳಗೆ ಹಂಗಾಯ್ತು. ಸುಮ್‌ಸುಮ್ನೆ ನಕ್ಬುಟ್ಟೆ," ಅಂದಳು. ಆಮೇಲೆ, "ನಿಮ್ಗೂ ಹಂಗೇ ಆಗಿದ್ದಲ್ವಾ?"

"ಹೆಚ್ಚು ಕಮ್ಮಿ ಹಂಗೇ," ಅಂದೆ.

ಉರಿಯಿತು. ನಾಲ್ಕು ವರ್ಷದಿಂದ ಏದುಸಿರು ಬಿಡುತ್ತಿರುವವನು ನಾನು, ಆರು ವಾರಕ್ಕೆ ಸಿಕ್ಕಿದ್ದು ಅವಳಿಗೆ. ಅದನ್ನಾದರೂ ನುಂಗಿಕೊಳ್ಳಬಹುದು. ರೆಕ್ಕೆ, ಮೋಡ, ಕಣ್ಣೀರು ಅಂತ ನಾನು ಅರ್ಧ ಪುಟ ತುಂಬಿಸಿದ್ದನ್ನು ಅವಳು ಒಂದು ಫ್ರಿಡ್ಜ್ ಇಟ್ಟುಕೊಂಡು ಮುಗಿಸಿಬಿಟ್ಟಳಲ್ಲ? ಬರೆಯುವವನ ಹೊಟ್ಟೆ ಇನ್ನೂ ಜಾಸ್ತಿ ಉರಿಯುತ್ತದೆ ಅಂತ ಆವತ್ತು ಗೊತ್ತಾಯಿತು.

ಮುಂದಿನ ಭಾನುವಾರವೂ ಅವಳಿಗೆ ಬಂತು. ಅದರ ಮುಂದಿನ ವಾರವೂ. ನನಗೆ ಬಂದಿದ್ದು ಬೆವರು.

ಆಮೇಲೆ ಆ ದಿನ. ಅರ್ಧ ಕಟ್ಟಿದ ಮನೆಯೊಂದರ ವಾಚ್‌ಮನ್ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುತ್ತಿದ್ದ. ಶೋಭಾ ಅವನನ್ನು ದಾಟಿ ಹೋಗಿ ಸುಮಾರು ಹೊತ್ತಿಗೆ ನಾನು ಬಂದೆ.

"ಸಾ, ಅಮ್ಮಾವ್ರು ಯಾಕೆ ಒಬ್ರೇ ನಗ್ತಾ ಓಯ್ತಾವ್ರೆ?"

"ಖುಷಿಗೆ ಕಣಪ್ಪ."

"ಅಂಗಾ?" ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮತ್ತೆ ನಿಮ್ಗೆ?"

ಮುಂದೆ ನೋಡಿದೆ. ದೂರದಲ್ಲಿ ಅವಳ ಜಡೆ ಅತ್ತಿಂದಿತ್ತ ಆಡುತ್ತಿತ್ತು. ನನ್ನ ಜೋಕುಗಳನ್ನು ಇಷ್ಟು ವರ್ಷ ಮುಗುಳ್ನಗೆಯಲ್ಲೇ ಮುಗಿಸಿದವಳು, ಖಾಲಿ ಸೈಟುಗಳ ನಡುವೆ ಯಾರೂ ಏನೂ ಹೇಳದೆ ನಗುತ್ತಿದ್ದಾಳೆ. ಆ ಖುಷಿಯಲ್ಲಿ ನಾನಿಲ್ಲ. ನನ್ನ ಅಗತ್ಯವೂ ಇಲ್ಲ. ಅದನ್ನು ತಡೆಯಲಾಗಲಿಲ್ಲ.

ಸೈಟಿನ ಕಲ್ಲಿನ ಮೇಲೆ ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಕೂಗಿದೆ. "ಶೋಭಾ, ಕಾಲು ಹಿಡ್ಕೊಂಡ್ಬುಡ್ತು!"

ನಿಂತಳು. ತಿರುಗಿದಳು. ಓಡಿ ಬಂದಳು, ಆದರೆ ಈ ಓಟವೇ ಬೇರೆ. ಹತ್ತಿರ ಬರುವಷ್ಟರಲ್ಲಿ ಕರೆಂಟ್ ವಾಪಸು ಬಂದಿತ್ತು, ಫ್ರಿಡ್ಜ್ ಮತ್ತೆ ಗುಂಯ್ ಅನ್ನುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಟಾರಿನ ಮೇಲೆ ಮಂಡಿಯೂರಿ, "ಯಾವ್ ಕಾಲು?" ಅಂದಳು. ನಾನು ಗಡಿಬಿಡಿಯಲ್ಲಿ ಎಡಗಾಲು ಚಾಚಿದೆ. ಅವಳು ಅದನ್ನೇ ನೀವತೊಡಗಿದಳು.

ಹೇಳಲು ನಾಚಿಕೆ. ಆ ಗಳಿಗೆ ನನಗೆ ಖುಷಿಯಾಯಿತು. (ಓಟದಿಂದ ನನಗೆ ಈವರೆಗೆ ಸಿಕ್ಕಿರುವ ಖುಷಿ ಅದೊಂದೇ.)

ಸೋಮವಾರ ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ತೆಗೆದಳು. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಇನ್ನೂ ಏನೇನೋ. ಸಂಜೆ ರಿಪೋರ್ಟ್ ತಂದು, "ಎಲ್ಲಾ ನಾರ್ಮಲ್ ಇದೆ. ಆದ್ರೂ ನೀವು ಹುಷಾರು" ಅಂದಳು. ಹೊಟ್ಟೆಕಿಚ್ಚು ರಕ್ತದಲ್ಲಿ ಕಾಣಿಸುವುದಿಲ್ಲ, ಬಚಾವಾದೆ. ಅವತ್ತಿನಿಂದ ದಿನಾ ಬೆಳಗ್ಗೆ ನನ್ನ ತಟ್ಟೆಯಲ್ಲಿ ಒಂದು ಪಚ್ಚಬಾಳೆಹಣ್ಣು, ಕಾಲು ಮತ್ತೆ ಹಿಡಿಯದಿರಲಿ ಅಂತ. ಅದನ್ನು ತಿನ್ನುವುದು ನನಗೆ ಬಹಳ ಕಷ್ಟವಾಗುತ್ತಿದೆ.

ಭಾನುವಾರ ಈಗಲೂ ಹೋಗುತ್ತೇವೆ. ಅವಳು ಮುಂದೆ, ನಾನು ಹಿಂದೆ. ಆದರೆ ಈಗ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಾಳೆ, ನಾನು ಬಿದ್ದಿಲ್ಲ ತಾನೇ ಅಂತ. ಹಾಗೆ ತಿರುಗಿ ತಿರುಗಿ ನೋಡುತ್ತಾ ಓಡುವವರಿಗೆ ಅದು ಬರುವುದಿಲ್ಲ. ಇದು ಇಂಟರ್ನೆಟ್ಟಿನಲ್ಲಿ ಓದಿದ್ದಲ್ಲ, ಕಣ್ಣಾರೆ ನೋಡಿದ್ದು.

ಕಳೆದ ಭಾನುವಾರ ವಾಪಸು ಬರುವಾಗ, ಸ್ಕೂಟರಿನ ಹಿಂದೆ ಕೂತು ಕೇಳಿದಳು. "ಮೂರ್ನಾಲ್ಕು ಸಲ ಬಂದು ನಿಂತೋಯ್ತು ಕಣ್ರೀ. ನಂಗೆ ಅಷ್ಟೇ ಏನೋ, ಬುಡಿ. ನಿಮ್ಗೆ ಎಷ್ಟು ಸಲ ಬಂದಿತ್ತು?"

ಹಾರ್ನ್ ಹೊಡೆದೆ. ಮುಂದೆ ಯಾರೂ ಇರಲಿಲ್ಲ.

ಕಪಾಟಿನ ಬಾಗಿಲಲ್ಲಿ ಆ ಹಳೆಯ ಬರಹ ಇನ್ನೂ ಇದೆ, ಒಗ್ಗರಣೆಯ ಜಿಡ್ಡು ಹತ್ತಿ ಹಳದಿಯಾಗಿದೆ. ಈ ಪುಟ ಅಚ್ಚಾಗಿ ಬಂದ ದಿನ ಮಡಚಿ ಅವಳ ಕಾಫಿ ಲೋಟದ ಪಕ್ಕ ಇಡುತ್ತೇನೆ. ಬಾಯಿಬಿಟ್ಟು ಹೇಳುವ ಧೈರ್ಯವಂತೂ ನನಗಿಲ್ಲ. ನನ್ನ ಅಂಕಣ ಓದುವವಳಲ್ಲ ಅಂತ ಆಗಲೇ ಹೇಳಿದೆನಲ್ಲ, ಓದದೆ ಅದರ ಮೇಲೇ ಲೋಟ ಇಟ್ಟರೂ ಇಟ್ಟಾಳು.

ಮುಂದಿನ ಭಾನುವಾರ ಬೋಗಾದಿಯಲ್ಲಿ ಅವಳು ಒಮ್ಮೆಯೂ ತಿರುಗಿ ನೋಡದೆ ಓಡಿದರೆ, ಓದಿದ್ದಾಳೆ ಅಂತ ಅರ್ಥ.