ತೊಟ್ಟಿಲ ಹಗ್ಗದ ಪರೀಕ್ಷೆ

ಪಡಸಾಲೆಯಲ್ಲಿ ದೊಪ್ಪೆಂದು ಸದ್ದಾದಾಗ ನಾನು ಬಚ್ಚಲಲ್ಲಿ ಕೂಸಿಗೆ ನೀರೆರೆಯುತ್ತಿದ್ದೆ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿಬಂದರೆ ನಿಮ್ಮ ಅಜ್ಜ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಕೈಯಲ್ಲಿ ತೊಟ್ಟಿಲ ಹಗ್ಗದ ತುಂಡಿತ್ತು.

ದಾಂಡೇಲಿಯ ಕಾಗದದ ಗಿರಣಿಯಲ್ಲಿ ಅವರ ಜೊತೆ ದುಡಿಯುತ್ತಿದ್ದ ಇಬ್ಬರು ಗೆಳೆಯರು ಚಹದ ಬಟ್ಟಲು ಹಿಡಿದು ಗಂಭೀರವಾಗಿ ನೋಡುತ್ತಿದ್ದರು. ಅರವತ್ತರ ದಶಕದ ಮಾತು. ಜೊಯಿಡಾ ಕಾಡಿನಲ್ಲಿರುವ ಕರಿಗಲ್ಲಿನ ಒಂದು ಸಣ್ಣ ಕೋಡನ್ನು ಹತ್ತಬೇಕೆಂದು ಈ ಮೂವರು ವೀರರು ಮಳೆಗಾಲ ಮುಗಿದಾಗಿನಿಂದ ನಮ್ಮ ಮನೆಯಲ್ಲಿ ಕೂತು ಯೋಜನೆ ಹಾಕುತ್ತಿದ್ದರು. ಬುತ್ತಿಗೆ ಎಷ್ಟು ರೊಟ್ಟಿ, ಯಾವ ಚಟ್ನಿ ಎಂಬುದೆಲ್ಲ ತೀರ್ಮಾನವಾಗಿತ್ತು. ಹಗ್ಗವೊಂದೇ ಬಾಕಿ. ಅದಕ್ಕೇ ತೊಟ್ಟಿಲನ್ನು ಬಿಚ್ಚಿ ಕೆಳಗಿಟ್ಟು, ತೊಲೆಯ ಹಗ್ಗಕ್ಕೆ ಜೋತುಬಿದ್ದು ಪರೀಕ್ಷೆ ಮಾಡಿದ್ದರು.

"ಹಗ್ಗ ಸುಮಾರ ಐತಿ," ಎಂದರು ಅಜ್ಜ, ಸೊಂಟ ಹಿಡಿದುಕೊಂಡು.

ಪರಗಂಡಸರ ಮುಂದೆ ನಾನು ಅಂದಿನವರೆಗೆ ಬಾಯಿ ಬಿಟ್ಟವಳಲ್ಲ. "ಇನ್ನ ಅಷ್ಟು ದೂರ ಯಾಕ ಹೋಗ್ತೀರಿ? ಬೀಳೂದು ಇಲ್ಲೇ ಆತಲ್ಲ!" ಎಂದುಬಿಟ್ಟೆ.

ನಗುತ್ತಲೇ ಆ ತುಂಡನ್ನು ಎತ್ತಿಕೊಂಡೆ. ತೊಲೆಗೆ ಸುತ್ತಿದ್ದ ಕಡೆ ಇಲಿ ಕಡಿದು, ಉಳಿದಿದ್ದ ಒಂದೇ ಎಳೆ ಈಗ ಹರಿದಿತ್ತು. ನನ್ನ ನಗು ನಿಂತಿತು. ಸ್ವಲ್ಪ ಹೊತ್ತಿನ ಮೊದಲು ಅದೇ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿ ಜೋರಾಗಿ ತೂಗಿದ್ದೆ.

ಆ ಕಲ್ಲನ್ನು ಅವರು ಕೊನೆಗೂ ಹತ್ತಲಿಲ್ಲ. ಹೊರಡಬೇಕಿದ್ದ ರವಿವಾರ ನಮ್ಮ ಪಡಸಾಲೆಯಲ್ಲೇ ಕೂತು ರೊಟ್ಟಿಗಳನ್ನು ಮಾತ್ರ ಶೌರ್ಯದಿಂದ ಮುಗಿಸಿದರು. ನಾನು ಒಂದೂ ಕುಹಕವಾಡದೆ, ಕೇಳಿದಷ್ಟು ಬೆಣ್ಣೆ ಬಡಿಸಿದೆ. ಮೊಮ್ಮಕ್ಕಳೇ, ಆ ಕೂಸು ನಿಮ್ಮ ಅಪ್ಪ.