ದ್ಯಾವಯ್ಯನ ಕೆಮ್ಮು

ಕ್ಯಾತನಹಳ್ಳಿಯ ಚಿಕ್ಕಸಿದ್ದಯ್ಯ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ನೇಗಿಲು ಹಿಡಿದವನು. ಓದುವ ಚಟ ಮಾತ್ರ ಬಿಡಲಿಲ್ಲ. ಅರವತ್ತರ ದಶಕದ ಆ ವರ್ಷಗಳಲ್ಲಿ ಸಂಜೆಯಾದರೆ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕುದಿಯಬೇಕು, ಪಕ್ಕದಲ್ಲಿ ಕೂತು ಇವನು ಪಾಂಡವಪುರದಿಂದ ತಂದ ಪುಸ್ತಕ ಓದಬೇಕು, ಅರ್ಧ ಊರು ಕೇಳಬೇಕು. ಜನಕ್ಕೆ ಬೇಕಾದದ್ದು ರಾಜರಾಣಿಯರ ಕಾದಂಬರಿ. ರಾಣಿ ಅತ್ತರೆ ಮುತ್ತಮ್ಮನಂಥ ಗಟ್ಟಿಗಿತ್ತಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಕಾದಂಬರಿಯಲ್ಲಿ ಕೋಟೆಬಾಗಿಲ ಕಾವಲುಗಾರನೊಬ್ಬ ಚಿನ್ನದಾಸೆಗೆ ಬಾಗಿಲು ತೆಗೆದು ರಾಜನನ್ನು ಹಿಡಿದುಕೊಟ್ಟ. ಊರಿನ ದ್ಯಾವಯ್ಯನ ಮನೆತನಕ್ಕೆ ‘ಕೋಟೆಬಾಗಿಲವರು’ ಎಂದೇ ಹೆಸರು. ಅವನ ಹಿಂದಿನವರು ಅದೇ ಕೋಟೆಯ ಬಾಗಿಲು ಕಾದವರಂತೆ. ನಂಬಿಕಸ್ಥರ ಕೈಯೆಂದು ಪ್ರತಿವರ್ಷ ಆಲೆಮನೆಯ ಒಲೆಗೆ ಮೊದಲ ಬೆಂಕಿ ಇಡುವವರೂ ಅವರೇ. ಚಿಕ್ಕಸಿದ್ದಯ್ಯನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ನಗಿಸುವ ಹುಕಿಗೆ ಬಿದ್ದು, ಆ ದ್ರೋಹಿಯ ಮಾತನ್ನು ದ್ಯಾವಯ್ಯನ ಗೊಗ್ಗರು ದನಿಯಲ್ಲಿ, ಅವನು ಬಾಯಿ ತೆಗೆಯುವ ಮುಂಚೆ ಕೆಮ್ಮುವಂತೆಯೇ ಎರಡು ಸಲ ಕೆಮ್ಮಿ ಓದಿದ. ಜನ ಬಿದ್ದು ಬಿದ್ದು ನಕ್ಕರು. ದ್ಯಾವಯ್ಯ ಎದ್ದು ಮನೆಗೆ ಹೋದ.

ಮರುವರ್ಷ ಬೆಂಕಿ ಇಡಲು ಅವನನ್ನು ಕರೆಯಲಿಲ್ಲ.

“ಅದು ಕತೆ ಕಣ್ಲಾ, ಕಟ್ಟಿ ಬರೆದಿರದು,” ಎಂದ ಚಿಕ್ಕಸಿದ್ದಯ್ಯ, ಆಲೆಮನೆಯ ಯಜಮಾನ ಹುಚ್ಚಣ್ಣನಿಗೆ.

“ಅಚ್ಚಾಗಿರದು ಸುಳ್ಳಾದದಾ? ಬುಡ್ಲಾ. ನೀನೇ ಓದ್ದಲ್ಲ, ಥೇಟ್ ಅವ್ನಂಗೇ.”

ಅಂದಿನಿಂದ ಚಿಕ್ಕಸಿದ್ದಯ್ಯನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ತಾನು ಮಾಡಿದ್ದು ಪಾಪ ಎಂದು ಅವನಿಗೆ ಖಚಿತವಾಗಿತ್ತು. ಅದೇ ರಾಜನ ಜೀವನಚರಿತ್ರೆಯನ್ನು ಅಲ್ಲಿಲ್ಲಿ ಹುಡುಕಿ ತಂದ. ಒಣ ಪುಸ್ತಕ, ಬರೀ ಇಸವಿ, ಕಾಗದಪತ್ರ. ನಡುವೆ ಎಲ್ಲೋ ಎರಡು ಸಾಲು: ಶತ್ರುಗಳು ಗೋಡೆ ಒಡೆದು ಒಳನುಗ್ಗಿದರು, ಬಾಗಿಲ ಕಾವಲಿನ ಏಳೂ ಜನ ಬಾಗಿಲಲ್ಲೇ ಸತ್ತರು.

ಅದನ್ನು ಆಲೆಮನೆಗೆ ಒಯ್ದ. ಪುಸ್ತಕವನ್ನು ನಡುವಿನಿಂದ ಓದಬಾರದೆಂಬುದು ಅಲ್ಲಿನ ರೂಢಿ. ಹಾಳು ರೂಢಿಗೆ ಕಟ್ಟುಬಿದ್ದು ಮೊದಲ ಪುಟದಿಂದಲೇ ಶುರುಮಾಡಿದ.

“ರಾಣಿ ಯಾವಾಗ್ಲಪ್ಪ ಬರದು?” ಎಂದಳು ಮುತ್ತಮ್ಮ.

ರಾಣಿ ಬರಲೇ ಇಲ್ಲ. ಮೊದಲ ಸಂಜೆ ಹುಚ್ಚಣ್ಣ ಆಕಳಿಸಿದ, ಎರಡನೇ ಸಂಜೆ ಅರ್ಧ ಜನ ಇರಲಿಲ್ಲ. ನಾಲ್ಕನೇ ಸಂಜೆ ಆ ಎರಡು ಸಾಲು ಬಂದಾಗ ಕೇಳಲು ಕುದಿಯುವ ಕೊಪ್ಪರಿಗೆ ಬಿಟ್ಟರೆ ಯಾರೂ ಉಳಿದಿರಲಿಲ್ಲ.

ಬೆಳಿಗ್ಗೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ದ್ಯಾವಯ್ಯನ ಜಗುಲಿಗೆ ಹೋದ. “ದ್ಯಾವಣ್ಣ, ನಿನ್ಗೆ ಒಂದ್ ಮಾತು ಓದ್ಬೇಕು,” ಎಂದು ತಗ್ಗಿದ ದನಿಯಲ್ಲಿ ಆ ಸಾಲುಗಳನ್ನು ಓದಿದ. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು.

ದ್ಯಾವಯ್ಯ ಎರಡು ಸಲ ಕೆಮ್ಮಿದ.

“ಆವತ್ತು ಊರ್ ಮುಂದೆ ನನ್ ದನೀಲಿ ಓದ್ದೆ ಕಣ್ಲಾ ಸಿದ್ದಯ್ಯ. ಇದ್ನ ಯಾಕ್ಲಾ ನನ್ನೊಬ್ಬನ ಮುಂದೆ, ನಿನ್ ದನೀಲಿ ಓದ್ತಿದ್ದೀಯ?”

ಚಿಕ್ಕಸಿದ್ದಯ್ಯ ಪುಸ್ತಕ ಮುಚ್ಚಿದ.