ಬೀಗಿತ್ತಿಯ ಮುಂದೆ ಅವರೆಕಾಯಿ ಮೊರ

ಹೋದ ಭಾನುವಾರ ನಮ್ಮ ಬೀಗಿತ್ತಿ ವಠಾರದ ಎಲ್ಲರ ಮುಂದೆ ನನ್ನನ್ನು ಬೈದರು. ನಾನು ಒಳಗೆ ಹೋಗಿ ಪಾಯಸಕ್ಕೆ ಎಸರಿಟ್ಟೆ.

ಈ ಮುದುಕಿಗೆ ತಲೆ ಕೆಟ್ಟಿದೆಯಾ ಅಂದುಕೊಂಡಿರಾ? ಹಾಗೆಲ್ಲ ಅನ್ನಬಾರದಂತೆ. ಮನಸ್ಸಿನ ಖಾಯಿಲೆ ಅನ್ನಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಸರಿ, ಅನ್ನೋಣ. (ನಾನು ಓದಿದ್ದು ಮೂರನೇ ಕ್ಲಾಸು. ಹೇಳಿಕೊಟ್ಟರೆ ಕಲಿಯುತ್ತೇನೆ.)

ಬೀಗಿತ್ತಿ ಅಂದರೆ ನನ್ನ ಮಗಳು ಸರೋಜಳ ಅತ್ತೆ, ನಂಜಮ್ಮನವರು. ಜೆ.ಪಿ. ನಗರ ಇನ್ನೂ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದ್ದವರು. ರಾಗಿ, ಅವರೆ, ಕೊಟ್ಟಿಗೆ ತುಂಬ ಹಸು. ಎದ್ದರೆ ಸಗಣಿ, ಹಾಲು, ಕಳೆ, ಕೂಲಿಯವರ ಮೇಲೆ ಕೂಗಾಟ. ಅವರ ಗಂಟಲು ಪಕ್ಕದ ಹೊಲದವರಿಗೂ ಕೇಳುತ್ತಿತ್ತು. ಮದುವೆ ಮಾತುಕತೆಗೆ ಹೋದಾಗ, ಮಗಳನ್ನು ಈ ಬಾಯಿಗೆ ಕೊಡುವುದಾ ಅಂತ ನನಗೇ ಅನಿಸಿತ್ತು.

ಆಮೇಲೆ ಹೊಲ ಹೋಗಿ ಲೇಔಟ್ ಬಂತು. ಅಳಿಯ ಕೆಂಪರಾಜು ಒಳ್ಳೆಯವನು. ಮೊಸಾಯಿಕ್ ನೆಲದ ಮನೆ ಕಟ್ಟಿಸಿದ. ಗ್ಯಾಸ್ ತಂದ, ಮಿಕ್ಸಿ ತಂದ. ಹೊಸ ಮನೆಯಲ್ಲಿ ಕೊಟ್ಟಿಗೆಗೆ ಜಾಗವಿಲ್ಲ ಅಂತ ಹಸು ಮಾರಿದ. ಪಾತ್ರೆ ತಿಕ್ಕಲು ಒಬ್ಬಳನ್ನು ಗೊತ್ತು ಮಾಡಿದ. "ದುಡಿದಿದ್ದು ಸಾಕು ಕಣಮ್ಮ, ಇನ್ಮೇಲೆ ನೀನು ಕೂತ್ಕೋಬೇಕು" ಅಂದ.

ನಂಜಮ್ಮ ಕೂತರು.

ಮೊದಲು ಕೂಗಾಟ ನಿಂತಿತು. ಮನೆಯವರಿಗೆ ಹಾಯೆನಿಸಿತು. ಆಮೇಲೆ ಮಾತೂ ನಿಂತಿತು. ಊಟ ಎರಡು ತುತ್ತಾಯಿತು. ಸ್ನಾನ ಮಾಡಿ ಅಂದರೆ "ಯಾಕೆ?" ಅನ್ನುವರು. ಬೆಳಗಾದರೂ ಗೋಡೆ ಕಡೆ ಮುಖ ಮಾಡಿ ಮಲಗಿರುವರು.

ಒಂದು ದಿನ ಸರೋಜ ನಮ್ಮ ಸಿದ್ದಾಪುರದ ಮನೆಗೆ ಓಡಿ ಬಂದಳು. "ಅಮ್ಮಾ, ನಮ್ಮತ್ತೆ ‘ನಾನಿದ್ದು ಏನಾಗ್ಬೇಕು’ ಅಂದ್ರು. ಅಳ್ತಾ ಅಂದಿದ್ರೆ ಸಮಾಧಾನ ಮಾಡ್ತಿದ್ದೆ. ಅಳ್ಲಿಲ್ಲ ಕಣಮ್ಮಾ. ಸುಮ್ನೆ ಅಂದ್ರು."

ನನಗೂ ಅದೇ ಹೆದರಿಕೆ ಹುಟ್ಟಿಸಿತು. ಅಳು ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಳುವೂ ಬಾರದವರನ್ನು ಏನು ಮಾಡುವುದು?

ನೆಂಟರು ಅಷ್ಟರಲ್ಲಿ ತಮ್ಮ ವೈದ್ಯ ಮುಗಿಸಿದ್ದರು. ಒಬ್ಬರು ಗಾಳಿ ಸೋಕಿದೆ ಅಂದು ತಾಯಿತ ಕಟ್ಟಿದರು. ಇನ್ನೊಬ್ಬಳು ಸೊಸೆಯ ಕಾಲ್ಗುಣ ಅಂದಳು. (ಸೊಸೆ ಬಂದು ಹತ್ತು ವರ್ಷವಾಯಿತು. ಕಾಲ್ಗುಣ ಅಷ್ಟು ನಿಧಾನ ನಡೆದು ಬರುತ್ತದಾ?)

ನಾನೇ ಅಳಿಯನನ್ನು ಹೊರಡಿಸಿದೆ. ಅವನು ಆಸ್ಪತ್ರೆ ಬಾಗಿಲಲ್ಲಿ ತಾಯಿಯ ತಲೆ ಮೇಲೆ ಸೆರಗು ಎಳೆದ. ಗುರುತಿನವರು ಯಾರಾದರೂ ನೋಡಿಬಿಟ್ಟರೆ? ಹೊಟ್ಟೆ ಕೆಟ್ಟರೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವೆ. ಮನಸ್ಸು ಕೆಟ್ಟರೆ ಮುಸುಕು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಂಜಮ್ಮನವರ ಹತ್ತಿರ ತುಂಬ ಹೊತ್ತು ಮಾತಾಡಿದರು. ಆಮೇಲೆ ನಮಗೆ ಹೇಳಿದರು: "ಇದು ಹುಚ್ಚೂ ಅಲ್ಲ, ದೆವ್ವಾನೂ ಅಲ್ಲ. ಖಾಯಿಲೆ. ಮಾತ್ರೆ ಕೊಡ್ತೀನಿ. ಗುಣ ಕಾಣೋಕೆ ಕೆಲವು ವಾರ ಹಿಡಿಯುತ್ತೆ, ಮಧ್ಯೆ ನಿಲ್ಲಿಸ್ಬೇಡಿ. ಒಂಟಿಯಾಗಿ ಬಿಡ್ಬೇಡಿ. ಸಾಯೋ ಮಾತು ಬಂದ್ರೆ ತಡ ಮಾಡ್ದೆ ಕರ್ಕೊಂಡು ಬನ್ನಿ. ಮನೇಲಿ ಬಿಸಿಲಿಗೆ ಕೂರ್ಸಿ, ಜನ ಸುತ್ತ ಇರ್ಲಿ, ಕೈಗೊಂದು ಕೆಲಸ ಇರ್ಲಿ. ಬಲವಂತ ಬೇಡ, ಆದಷ್ಟು ಮಾಡ್ಲಿ."

ಮಾತ್ರೆಯ ಮಾತು ಅಳಿಯನ ಕಿವಿಗೆ ಹೋಯಿತು. ಕೆಲಸದ ಮಾತು ಹೋಗಲಿಲ್ಲ.

"ಹುಷಾರಿಲ್ದೋರ ಕೈಲಿ ಕೆಲಸ ಮಾಡ್ಸಿದ್ರೆ ಬೀದಿ ಜನ ಏನಂತಾರೆ ಅತ್ತೆ?"

"ಕೂರ್ಸಿದ್ದಕ್ಕೆ ಏನಂದ್ರು?"

"ಪುಣ್ಯವಂತೆ ಅಂದ್ರು."

"ಆ ಪುಣ್ಯವಂತೆ ತಲೆ ಬಾಚಿ ಎಷ್ಟು ದಿನ ಆಯ್ತು ನೋಡಪ್ಪ."

ನಂಜಮ್ಮ ಸ್ವಲ್ಪ ದಿನ ನಮ್ಮ ಮನೆಯಲ್ಲಿರಲಿ ಅಂದೆ. ಸರೋಜಳೂ ಜೊತೆಗೆ ಬಂದಳು.

ಈಗ ಇನ್ನೊಂದು ತೊಂದರೆ. ಬೀಗರು ಮನೆಗೆ ಬಂದರೆ ಹೇಗೆ ನಡೆಸಿಕೊಳ್ಳಬೇಕು ಅಂತ ನಿಮಗೆ ಗೊತ್ತು. ಹೊಸ ಚಾಪೆ, ಒಬ್ಬಟ್ಟು, ಕೈ ತೊಳೆಯಲು ನೀರೂ ನಾವೇ ಹಾಕಬೇಕು. ಅವರು ಉಂಡ ತಟ್ಟೆ ಅವರೇ ಎತ್ತಿದರೆ ನಮ್ಮ ಮಾನ ಹೋಯಿತು. ಅಂದರೆ ಏನು? ಅಲ್ಲಿ ಮಗ ಕೂರಿಸಿದ್ದ, ಇಲ್ಲಿ ನಾನು ಕೂರಿಸಬೇಕು.

ನಮ್ಮ ವಠಾರದಲ್ಲಿ ಅವರೆಕಾಯಿ ಕಾಲ ಬಂದರೆ ಹೆಂಗಸರೆಲ್ಲ ಅಂಗಳದ ಬಿಸಿಲಿನಲ್ಲಿ ಸೇರುತ್ತೇವೆ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೂ ಹಿಂಡಿ ಸಿಪ್ಪೆ ಬಿಡಿಸುವುದು. ಅದೇ ಹಿದುಕಬೇಳೆ. ಒಬ್ಬರಿಂದ ಆಗುವ ಕೆಲಸವಲ್ಲ. ಬಾಯಿ ಸುಮ್ಮನಿಟ್ಟುಕೊಂಡು ಆಗುವ ಕೆಲಸವೂ ಅಲ್ಲ.

ನಂಜಮ್ಮನವರನ್ನು ಕರೆತಂದು ಅಲ್ಲಿ ಕೂರಿಸಿದೆ. ಮುಂದೆ ಒಂದು ಮೊರ ಕಾಯಿ ಇಟ್ಟೆ.

"ಅಮ್ಮಾ! ಅವರು ನಮ್ಮತ್ತೆ!" ಅಂದಳು ಸರೋಜ.

"ಗೊತ್ತು. ಕೈ ಎರಡೂ ಇದಾವಲ್ಲ?"

ಮ್ಯಾಜಿಕ್ ಆಯಿತು ಅಂತ ಬರೆಯಲಾರೆ. ಅವತ್ತು ಅವರು ಕಾಯಿ ಮುಟ್ಟಲೇ ಇಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ನಾನು ಏಳಿ ಅನ್ನಲಿಲ್ಲ, ಸುಲಿಯಿರಿ ಅಂತಲೂ ಅನ್ನಲಿಲ್ಲ. ಪಕ್ಕದ ಮನೆ ಗಿರಿಜ ತನ್ನ ನಾದಿನಿಯನ್ನು ಬೈಯುತ್ತ ಸುಲಿದಳು, ನಾವು ನಗುತ್ತ ಸುಲಿದೆವು. ಮಾರನೆ ದಿನವೂ ಅಷ್ಟೇ. ಊಟವಾದ ಮೇಲೆ ಮಾತ್ರೆ ಕೊಡುವುದು, ಬಿಸಿಲಿಗೆ ಕರೆತರುವುದು, ಮೊರ ಇಡುವುದು. ಒಂದು ದಿನ ನೋಡಿದರೆ ಮಡಿಲಲ್ಲಿದ್ದ ಬೆರಳು ಕಾಯಿಯ ನಾರು ಎಳೆಯುತ್ತಿದೆ. ಮುಖ ಮಾತ್ರ ಎತ್ತಲೋ ಇದೆ. ನಾನು ನೋಡದವಳಂತೆ ಇದ್ದೆ. ಮರುದಿನ ಮತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಮಲಗಲಿ ಅಂತ ಬಿಟ್ಟೆ. ಜ್ವರವೂ ಬಿಟ್ಟು ಬಿಟ್ಟು ಬರುವುದಿಲ್ಲವಾ?

ಹೀಗೇ ವಾರಗಳು ಕಳೆದವು. ಹೋದ ಭಾನುವಾರ ನಾನು ಮಾರ್ಕೆಟ್ಟಿನಿಂದ ತಂದ ಕಾಯಿ ಸುರಿದೆ. ನಂಜಮ್ಮ ಒಂದನ್ನು ಎತ್ತಿ ಮೂಸಿದರು. ಇನ್ನೊಂದನ್ನು ಮುರಿದು ನೋಡಿದರು.

"ಯಾರು ತಂದಿದ್ದು ಇದನ್ನ?"

"ನಾನೇ."

"ಕಣ್ಣು ಮನೇಲಿಟ್ಟು ಹೋಗಿದ್ರಾ? ಸೊಗಡು ಅನ್ನೋದೇ ಇಲ್ಲ. ಅರ್ಧಕ್ಕರ್ಧ ಹುಳ. ನಮ್ಮನೆ ಹಸು ಮೂಸ್ತಿರ್ಲಿಲ್ಲ ಇಂಥ ಕಾಯ್ನ! ಊರಿಗೆಲ್ಲಾ ಬುದ್ಧಿ ಹೇಳ್ತೀರಾ, ಅವರೆಕಾಯಿ ಆರ್ಸೋಕೆ ಬರಾಕಿಲ್ವಾ?"

ಸರೋಜ ಬಾಯಿಗೆ ಸೆರಗು ಹಿಡಿದುಕೊಂಡಳು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ಪಾಯಸಕ್ಕೆ ಎಸರಿಟ್ಟಿದ್ದು ಆಗಲೇ.

ಅಷ್ಟರಲ್ಲಿ ತಾಯಿಯನ್ನು ನೋಡಲು ಕೆಂಪರಾಜು ಬಂದ. ತಾಯಿಯ ಮಡಿಲು ತುಂಬ ಸಿಪ್ಪೆ, ಉಗುರಲ್ಲಿ ಮಣ್ಣು. ಅವನ ಮುಖ ಕೆಂಪಾಯಿತು.

"ಏನತ್ತೆ ಇದು? ನಮ್ಮಮ್ಮನ್ನ ಕೂಲಿಗೆ ಕಳ್ಸಿದ್ನಾ ನಾನು? ಏಳಮ್ಮ ಮೇಲೆ, ಒಳಗೆ ಕೂತ್ಕೋ."

ನಂಜಮ್ಮ ತಲೆಯೂ ಎತ್ತಲಿಲ್ಲ.

"ಕೂತು ಕೂತು ಸಾಕಾಗೈತೆ ಕಣ್ಲಾ. ಆ ಪಾತ್ರೆ ಇತ್ತಾಗೆ ತಳ್ಳು."

ಅವನು ತಳ್ಳಿದ. ಅಲ್ಲೇ ಕೆಳಗೆ ಕೂತ. ಸ್ವಲ್ಪ ಹೊತ್ತಾದ ಮೇಲೆ ತಾನೂ ಒಂದು ಕಾಯಿ ಎತ್ತಿಕೊಂಡ.

ಖಾಯಿಲೆ ಪೂರ್ತಿ ಹೋಗಿಲ್ಲ. ಮಾತ್ರೆ ನಡೆಯುತ್ತಿದೆ, ಮುಂದಿನ ತಿಂಗಳು ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗಬೇಕು. ಅವರೆಕಾಯಿ ಸುಲಿದರೆ ಎಲ್ಲ ಸರಿಹೋಗುತ್ತದೆ ಅಂತ ಮಾತ್ರೆ ಬಿಸಾಡುವವರು ನನ್ನ ಹೆಸರು ಹೇಳಬೇಡಿ.

ನಾನು ಕೇಳುವುದು ಇಷ್ಟೇ. ನಿಮ್ಮ ಮನೆಯಲ್ಲಿ "ನೀವು ಕೂತ್ಕೊಳ್ಳಿ" ಅಂತ ಪ್ರೀತಿಯಿಂದ ಹೇಳಿ ಹೇಳಿ, ಯಾರನ್ನು ಗೋಡೆ ಕಡೆ ತಿರುಗಿಸಿ ಕೂರಿಸಿದ್ದೀರಿ?